ಮಂಗಳವಾರದ ಮಾತು

ಹೆಗ್‌ಡಾಲ್ ಊರಿನಲ್ಲಿ ಆರ್ವಿಡ್ ತಾಂಗೆನ್ ಇಳಿಯದ ನೆಲಮಾಳಿಗೆ ಒಂದೂ ಇರಲಿಲ್ಲ. ಮನೆ ಬೆಚ್ಚಗಿಡುವ ಕುಲುಮೆ ಎಲ್ಲರ ಮನೆಯಲ್ಲೂ ಕೆಳಗಡೆಯೇ ಇರುವುದು. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಅದು ಕೆಟ್ಟು ಕೂತರೆ ಮನೆಮಂದಿಯೆಲ್ಲ ಕೋಟು ಹೊದ್ದು ಅಡುಗೆ ಒಲೆಯ ಸುತ್ತ ಮುದುರಿಕೊಂಡು ಆರ್ವಿಡ್‌ಗೆ ಫೋನ್ ಮಾಡುವರು. ಅವನು ಬಂದು, ಬಾಗಿಲಲ್ಲಿ ಬೂಟು ಕಳಚಿ, ಒಂದು ಮಾತೂ ಆಡದೆ ಮೆಟ್ಟಿಲಿಳಿಯುವನು. ಅರ್ಧ ಗಂಟೆಯಲ್ಲಿ ಮನೆ ಬೆಚ್ಚಗಾಗುವುದು. ಕಾಫಿ ಕೊಟ್ಟರೆ ಎರಡು ಸಲ ಬೇಡ ಅಂದು ಮೂರನೆಯ ಸಲ ಹೂಂ ಅನ್ನುವನು. ಆ ಕಡೆ ವಲಸೆ ಬಂದು ನೆಲೆಸಿದ ನಾರ್ವೇಜಿಯನ್ ಮಂದಿಯ ಮರ್ಯಾದೆಯೇ ಹಾಗೆ. ಮೊದಲ ಸಲಕ್ಕೇ ಹೂಂ ಅಂದವನನ್ನು ಹೊಟ್ಟೆಬಾಕ ಅಂದುಕೊಳ್ಳುವರು, ಬಾಯಿಬಿಟ್ಟು ಮಾತ್ರ ಹೇಳುವುದಿಲ್ಲ. ಬಾಯಿಬಿಟ್ಟು ಹೇಳುವುದು ಅಂದರೆ ಆ ಜನಕ್ಕೆ ಬಟ್ಟೆ ಬಿಚ್ಚಿದಷ್ಟು ಸಂಕೋಚ.

ಈ ಆರ್ವಿಡ್ ಹದಿನಾಲ್ಕು ವರ್ಷ ಆ ರಾಜ್ಯದ ಶಾಸನಸಭೆಯಲ್ಲಿ ಕೂತಿದ್ದ. ಕೊನೆಗೆ ಅವನು ಸಾಕೆಂದು ಬಿಟ್ಟುಬಂದಾಗ ಊರವರು ಚರ್ಚಿನ ಹಾಲ್‌ನಲ್ಲಿ ಊಟ ಹಾಕಿಸಿ ಒಂದು ಮರದ ಫಲಕ ಕೊಟ್ಟರು. ಅದರ ಮೇಲೆ 'ಮಾತಿಗೆ ತಪ್ಪದ ಮನುಷ್ಯ' ಎಂದು ಹಿತ್ತಾಳೆಯ ಅಕ್ಷರದಲ್ಲಿ ಕೆತ್ತಿಸಿದ್ದರು. ಪಾಪ, ಅವರಿಗೇನು ಗೊತ್ತು. ಆರ್ವಿಡ್ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೆಂಪಾಗಿ ನಿಂತ. ನಾಚಿಕೆಯ ಸ್ವಭಾವ ಅಂತ ಜನ ಚಪ್ಪಾಳೆ ತಟ್ಟಿದರು. ನಾಚಿಕೆ ಹೌದು, ಆದರೆ ಅವರು ಅಂದುಕೊಂಡ ನಾಚಿಕೆಯಲ್ಲ.

ಅವನು ರಾಜಕೀಯಕ್ಕೆ ಬಂದದ್ದೇ ಒಂದು ತಮಾಷೆ. ಯುದ್ಧದಲ್ಲಿ ಹಡಗಿನ ಬಾಯ್ಲರ್ ಕೋಣೆಯಲ್ಲಿ ಮೂರು ವರ್ಷ ಬೆಂದು ಬಂದು, ಮಾರ್ಡೆಲ್ ಎಂಬ ಶಾಲಾ ಟೀಚರನ್ನು ಮದುವೆಯಾಗಿ, ಕುಲುಮೆ ಪಂಪು ರಿಪೇರಿಯ ಅಂಗಡಿ ಹಾಕಿಕೊಂಡು ಇಪ್ಪತ್ತು ವರ್ಷ ತೆಪ್ಪಗಿದ್ದ ಮನುಷ್ಯ. ಒಂದು ದಿನ ಪಕ್ಷದ ಮೂವರು ಹಿರಿಯರು ಅಂಗಡಿಗೆ ಬಂದು ಹೀಟರ್ ಮುಂದೆ ಕೈ ಕಾಯಿಸಿಕೊಳ್ಳುತ್ತ ನಿಂತರು. ಹಳೆಯ ಶಾಸಕ ಅರಿಜೋನಾದ ಬಿಸಿಲಿಗೆ ಗುಳೆ ಹೋಗಿದ್ದಾನೆ, ನೀನು ನಿಲ್ಲು ಎಂದರು. ನನಗೆ ಭಾಷಣ ಬರುವುದಿಲ್ಲ ಎಂದು ಆರ್ವಿಡ್ ತಪ್ಪಿಸಿಕೊಳ್ಳಲು ನೋಡಿದ. ಅವರಲ್ಲಿ ಒಬ್ಬ, "ಭಾಷಣ ಯಾರಿಗೆ ಬೇಕು ಮಾರಾಯ? ಈ ಕ್ಷೇತ್ರದಲ್ಲಿ ನೀನು ಇಳಿಯದ ನೆಲಮಾಳಿಗೆ ಯಾವುದಿದೆ ಹೇಳು," ಎಂದ. ಆರ್ವಿಡ್ ಎರಡು ಸಲ ಬೇಡ ಎಂದ. ಮೂರನೆಯ ಸಲ ಹೂಂ ಎಂದ.

ಗೆದ್ದ. ಆಮೇಲೂ ಗೆಲ್ಲುತ್ತಲೇ ಹೋದ. ಆ ಸಭೆ ಕೂಡುವುದು ಎರಡು ವರ್ಷಕ್ಕೊಮ್ಮೆ, ಜನವರಿಯಿಂದ ಮೂರು ತಿಂಗಳು. ಉಳಿದ ಕಾಲ ಶಾಸಕರೆಲ್ಲ ತಮ್ಮ ತಮ್ಮ ಹೊಲ, ಅಂಗಡಿ, ಹಸುಗಳ ಹಿಂದೆ ಇರುವವರು. ಇನ್ನೂರು ಮೈಲಿ ದೂರದ ರಾಜಧಾನಿಯಲ್ಲಿ ಒಬ್ಬ ವಿಧವೆಯ ಮನೆಯ ಕೆಳಗೆ ಕೋಣೆ ಹಿಡಿದು, ಬೆಳಗ್ಗೆ ಹೋಟೆಲಿನ ಕೌಂಟರಿನಲ್ಲಿ ಒಬ್ಬನೇ ಮೊಟ್ಟೆ ತಿಂದು, ಸಭೆಯ ಹಿಂದಿನ ಸಾಲಿನಲ್ಲಿ ಹೋಗಿ ಕೂರುವನು. ಸಭಾಂಗಣ ತಣ್ಣಗಾದರೆ, ತಾಂಗೆನ್‌ನ ಕರೀರಿ, ಕುಲುಮೆ ಶಾಸಕ ಇರುವುದೇ ಅದಕ್ಕೆ, ಎಂದು ಮುಂದಿನ ಸಾಲಿನವರು ನಗುವರು. ಇವನೂ ನಗುವನು. ಒಂದೆರಡು ಸಲ ನಿಜವಾಗಿಯೂ ಇಳಿದು ಹೋಗಿ ರಿಪೇರಿ ಮಾಡಿಯೂ ಬಂದ.

ಆದರೆ ಆ ನಗು ಒಳಗೆ ಚುಚ್ಚುತ್ತಿತ್ತು. ಆ ಹೋಟೆಲಿನ ಕಿಟಕಿಯ ಪಕ್ಕ ಒಂದು ದುಂಡು ಮೇಜು ಇತ್ತು. ಪಕ್ಷದ ನಾಯಕ ರಾಡ್ನಿ ಹೌಗ್ ಮತ್ತು ಅವನ ಐದಾರು ಜನ ಅಲ್ಲಿ ಕೂತು ಸಕ್ಕರೆಪಾಕ ಸುರಿದ ಸಿಹಿ ಬನ್ನು ತಿನ್ನುತ್ತ, ಯಾವ ಮಸೂದೆ ಬದುಕಬೇಕು ಯಾವುದು ಸಾಯಬೇಕು ಎಂದು ತೀರ್ಮಾನಿಸುವರು. ಹತ್ತು ವರ್ಷ ಆರ್ವಿಡ್ ಕೌಂಟರಿನಲ್ಲಿ ಆ ಮೇಜಿಗೆ ಬೆನ್ನು ಹಾಕಿ ಕೂತು, ಎದುರಿನ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದ. ಒಂದು ಸಲವಾದರೂ ಬಾ ಇಲ್ಲಿ ಅನ್ನಲಿ ಎಂದು ಆಸೆ. ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟು ಸಣ್ಣ ಆಸೆ. ಹೇಳಿಕೊಳ್ಳಲೂ ನಾಚಿಕೆಯಾಗುವಂಥದ್ದು.

ಅವನ ಪಕ್ಕದ ಕುರ್ಚಿ, ನಡುದಾರಿಯ ಆಚೆ, ಎದುರು ಪಕ್ಷದ ಥೆಕ್ಲಾ ಬಾವರ್‌ಳದು. ದಕ್ಷಿಣದ ರೋಸೆಂತಾಲ್ ಎಂಬ ಜರ್ಮನ್ ರೈತರ ಊರಿನವಳು. ಕಂಚಿನ ಕಂಠ, ಒರಟು ಕೈ, ಇದ್ದದ್ದನ್ನು ಇದ್ದ ಹಾಗೇ ಅನ್ನುವ ಹೆಂಗಸು. ಆರ್ವಿಡ್‌ನ ಮೌನ ನೋಡಿ, ನಿಮ್ಮ ಊರಲ್ಲಿ ಮಾತಿಗೆ ತೆರಿಗೆ ಹಾಕ್ತಾರೇನು ಎಂದು ರೇಗಿಸುವಳು. ವಾರಕ್ಕೊಮ್ಮೆ ಮನೆಯಿಂದ ತಂದ ಸಾಸೇಜನ್ನು ಕಾಗದದಲ್ಲಿ ಸುತ್ತಿ ಅವನ ಮೇಜಿನ ಮೇಲಿಡುವಳು. ಒಂದು ಬೇಸಿಗೆ ಅವನು ರೋಸೆಂತಾಲ್‌ಗೆ ಹೋಗಿ ಅವಳ ಮನೆಯ ಹಳೆಯ ಕುಲುಮೆ ಬಿಚ್ಚಿ ಜೋಡಿಸಿ ಕೊಟ್ಟಿದ್ದ. ಅವಳ ಗಂಡ ಕಾಸ್ಪರ್ ಅವನಿಗೆ ದೀಪ ಹಿಡಿದಿದ್ದ. ಇಬ್ಬರೂ ಒಂದು ಮಧ್ಯಾಹ್ನವಿಡೀ ಹತ್ತು ಮಾತು ಆಡಿರಲಿಲ್ಲ, ಆದರೂ ಬಲು ಇಷ್ಟವಾಗಿತ್ತು ಒಬ್ಬರಿಗೊಬ್ಬರು.

ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ ಒಂದು ಮಸೂದೆ ಬಂತು. ರಸ್ತೆಯ ಹಿಮ ತಳ್ಳುವ ಬಂಡಿಗಳ ಸಣ್ಣ ಡಿಪೋಗಳನ್ನು ಮುಚ್ಚಿ, ಎಲ್ಲವನ್ನೂ ದೊಡ್ಡ ಊರುಗಳಿಗೆ ಸಾಗಿಸುವುದು. ಮುಚ್ಚುವ ಪಟ್ಟಿಯಲ್ಲಿ ರೋಸೆಂತಾಲ್ ಇತ್ತು. ಅಲ್ಲಿನ ಮೂರು ಬಂಡಿಗಳು ಅರವತ್ತು ಮೈಲಿ ಆಚೆ ಹೋಗುತ್ತಿದ್ದವು. ಆರ್ವಿಡ್‌ನ ಪಕ್ಷ ಮಸೂದೆಯ ಪರ, ಅವನೂ ಪರ. ಥೆಕ್ಲಾ ಉಗುರು ಹಲ್ಲು ಎರಡರಿಂದಲೂ ವಿರುದ್ಧ. ಅದೇ ವಾರ ಕಾಸ್ಪರ್‌ಗೆ ಎದೆ ನೋವು ಬಂದು ಮಿನಿಯಾಪೊಲಿಸ್‌ನ ಆಸ್ಪತ್ರೆಗೆ ಸೇರಿಸಿದರು. ಹೃದಯದ ಆಪರೇಷನ್.

ಆ ಸಭೆಯಲ್ಲಿ ಇಂಥ ಹೊತ್ತಿಗೆಂದೇ ಒಂದು ಪದ್ಧತಿ ಇತ್ತು, ಜೋಡಿ ಅನ್ನುತ್ತಿದ್ದರು. ಒಬ್ಬರಿಗೆ ಕಾಯಿಲೆ ಕಸಾಲೆ, ಮನೆಯಲ್ಲಿ ಸಾವುನೋವು ಅಂದರೆ ಎದುರು ಪಕ್ಷದ ಒಬ್ಬರು ಕೈ ಕುಲುಕಿ, ನೀವು ಹೋಗಿ, ನೀವಿಲ್ಲದಾಗ ನಾನೂ ಮತ ಹಾಕುವುದಿಲ್ಲ ಎನ್ನುವರು. ಇಲ್ಲದವರ ಮತವೂ ಇದ್ದವರ ಮತವೂ ವಜಾ. ಯಾರಿಗೂ ನಷ್ಟವಿಲ್ಲ. ಮತದ ವೇಳೆ ಜೋಡಿಯಲ್ಲಿ ಉಳಿದವರು ಎದ್ದು ನಿಂತು, ನನಗೆ ಇಂಥವರೊಡನೆ ಜೋಡಿ ಇದೆ ಎಂದು ಹೇಳಿ ಗುಂಡಿ ಒತ್ತದೆ ಕೂರುವರು. ಕಾಗದವಿಲ್ಲ, ಸಹಿಯಿಲ್ಲ. ಕೈಕುಲುಕಿದರೆ ಮುಗಿಯಿತು. ಅರವತ್ತು ವರ್ಷದಲ್ಲಿ ಒಬ್ಬರೂ ಮುರಿದಿರಲಿಲ್ಲ.

"ಮಂಗಳವಾರ ಮತಕ್ಕೆ ಬರುತ್ತೆ ಮಸೂದೆ. ಆವತ್ತು ನಾನು ಅವರ ಹಾಸಿಗೆ ಹತ್ತಿರ ಇರಬೇಕು," ಎಂದಳು ಥೆಕ್ಲಾ, ಕೋಟು ತೊಡುತ್ತ.

"ಹೋಗಿ ಬಾ. ನಾನಿದ್ದೀನಲ್ಲ," ಎಂದ ಆರ್ವಿಡ್. ಕೈ ಕುಲುಕಿದ.

ಮಂಗಳವಾರ ಹೌಗ್ ತಲೆ ಎಣಿಸಿದ. ತೊಂಬತ್ತೆರಡು ಜನರ ಸಭೆ. ಥೆಕ್ಲಾ ಊರಲ್ಲಿಲ್ಲ, ಆರ್ವಿಡ್ ಒತ್ತುವುದಿಲ್ಲ. ಉಳಿದ ತೊಂಬತ್ತರಲ್ಲಿ ನಲವತ್ತೈದು ಆ ಕಡೆ, ನಲವತ್ತೈದು ಈ ಕಡೆ. ಸಮಸಮವಾದರೆ ಮಸೂದೆ ಬಿತ್ತು. ಹೌಗ್ ಏನೋ ನೆಪ ಹೇಳಿ ಅದನ್ನು ಮರುದಿನಕ್ಕೆ ತಳ್ಳಿದ.

ಬುಧವಾರ ಬೆಳಗ್ಗೆ ಹೌಗ್ ಬಂದು ಥೆಕ್ಲಾಳ ಖಾಲಿ ಕುರ್ಚಿಯಲ್ಲೇ ಕೂತ. ಹತ್ತು ವರ್ಷದಲ್ಲಿ ಮೊದಲ ಸಲ ಆರ್ವಿಡ್‌ನ ಹೆಗಲ ಮೇಲೆ ಕೈ ಹಾಕಿದ. ಮಾರ್ಡೆಲ್ ಹೇಗಿದ್ದಾಳೆ ಎಂದ. ಅವಳ ಹೆಸರು ಇವನಿಗೆ ಗೊತ್ತಿದೆಯೇ ಎಂದು ಆರ್ವಿಡ್‌ಗೆ ಆಶ್ಚರ್ಯವಾಯಿತು, ಹಿತವೂ ಆಯಿತು. ಆಮೇಲೆ ಹೌಗ್ ಮೆಲ್ಲಗೆ ವಿಷಯಕ್ಕೆ ಬಂದ.

"ಥೆಕ್ಲಾ ನಿನ್ನ ಹತ್ರ ಯಾವ ದಿನ ಅಂದಿದ್ಳು?"

"ಮಂಗಳವಾರ."

"ಇವತ್ತು ಯಾವ ವಾರ ಆರ್ವಿಡ್?"

ಹೌಗ್ ಅವನ ಬೆನ್ನು ತಟ್ಟಿ, "ಮಾತು ಮುರಿ ಅಂತ ನಾನು ಹೇಳ್ತೀನಾ? ಮಾತು ನಿನ್ನೆಗೇ ಮುಗೀತು ಅಂದೆ ಅಷ್ಟೆ. ನಾಳೆ ತಿಂಡಿಗೆ ಕಿಟಕಿ ಹತ್ರ ಬಾ, ಆ ಕೌಂಟರಲ್ಲಿ ಒಬ್ನೇ ಏನು ಕೂರ್ತೀಯ," ಎಂದು ಎದ್ದು ಹೋದ.

ಅದು ಕಳ್ಳ ಲೆಕ್ಕ ಎಂದು ಆರ್ವಿಡ್‌ಗೆ ಗೊತ್ತಿರಲಿಲ್ಲ ಅನ್ನಬೇಡಿ. ಚೆನ್ನಾಗಿ ಗೊತ್ತಿತ್ತು. ಥೆಕ್ಲಾ ದಿನಕ್ಕಲ್ಲ, ಮಸೂದೆಗೆ ಜೋಡಿ ಕೇಳಿದ್ದು ಎಂದು ಎಳೆಮಗುವಿಗೂ ತಿಳಿಯುತ್ತಿತ್ತು. ಆದರೂ ಗಂಟೆ ಬಾರಿಸಿದಾಗ ಅವನ ಬೆರಳು ಹೋಗಿ ಗುಂಡಿಯ ಮೇಲೆ ಕೂತಿತು. ಒತ್ತಿದ. ಗೋಡೆಯ ಮೇಲಿನ ದೊಡ್ಡ ಹಲಗೆಯಲ್ಲಿ ತಾಂಗೆನ್ ಎಂಬ ಹೆಸರಿನ ಮುಂದೆ ಹಸಿರು ದೀಪ ಹತ್ತಿಕೊಂಡಿತು. ನಲವತ್ತಾರು, ನಲವತ್ತೈದು. ಮಸೂದೆ ಪಾಸಾಯಿತು.

ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅವನದೇ ಪಕ್ಷದ ಮುದುಕ ಸೆಲ್ಮರ್ ಹಲಗೆಯನ್ನು ನೋಡಿದ, ಆಮೇಲೆ ಆರ್ವಿಡ್‌ನನ್ನು ನೋಡಿದ, ಆಮೇಲೆ ಪತ್ರಿಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದುಕೊಂಡ. ಮರುದಿನ ಆರ್ವಿಡ್ ಕಿಟಕಿಯ ಪಕ್ಕದ ಮೇಜಿಗೆ ಹೋದ. ಗಂಟಲಲ್ಲಿ ಇಳಿಯಲಿಲ್ಲ ಎಂದು ಹೇಳಿದರೆ ಕೇಳುವವರಿಗೆ ಸಮಾಧಾನವಾದೀತು, ಆದರೆ ಸುಳ್ಳು. ಇಡೀ ಬನ್ನು ತಿಂದ. ಬೆರಳಿಗೆ ಮೆತ್ತಿದ ಪಾಕವನ್ನೂ ನೆಕ್ಕಿದ. ಹೌಗ್ ಒಂದು ಜೋಕು ಹೇಳಿದಾಗ ಎಲ್ಲರಿಗಿಂತ ಮೊದಲು ನಕ್ಕ. ಎಷ್ಟು ಅಗ್ಗಕ್ಕೆ ಮಾರಿಕೊಂಡೆ ಎಂಬುದು ಅವನಿಗೆ ಹೊಳೆದದ್ದು ಸೋಮವಾರ, ಥೆಕ್ಲಾ ವಾಪಸು ಬಂದಾಗ.

ಅವಳು ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಕಾಸ್ಪರ್ ಹೇಗಿದ್ದಾನೆ ಎಂದು ಕೇಳಲು ಆರ್ವಿಡ್ ಬಾಯಿ ತೆರೆದ. ಅವಳೇ ಮಾತಾಡಿದಳು. ಸಿಟ್ಟಿರಲಿಲ್ಲ ಧ್ವನಿಯಲ್ಲಿ.

"ಮಂಗಳವಾರಕ್ಕೆ ಮಾತ್ರ ಅಂತ ನೀನು ಹೇಳಿದ್ದಿದ್ರೆ ನಾನು ಬಸ್ ಹತ್ತಿ ಬುಧವಾರ ಬೆಳಗ್ಗೆಗೆ ಬಂದಿರ್ತಿದ್ದೆ ಆರ್ವಿಡ್."

ಅಷ್ಟೆ. ಕಾಗದ ಬಿಡಿಸಿಕೊಂಡು ಓದಲು ಕೂತಳು. ಅವನಿಗೆ ಕಿವಿಯವರೆಗೆ ಬಿಸಿಯೇರಿತು. ಕ್ಷಮಿಸು ಎನ್ನಬೇಕು ಅನ್ನಿಸಿತು. ನಾಲ್ಕು ಜನ ಇದ್ದಾರೆ, ಆಮೇಲೆ ಎಂದುಕೊಂಡ. ಆಮೇಲೆ ಎಂಬುದು ಬರಲೇ ಇಲ್ಲ. ಸಾಸೇಜಿನ ಪೊಟ್ಟಣವೂ ಬರಲಿಲ್ಲ.

ಹೊಸ ವರ್ಷದ ಜನವರಿಯಲ್ಲಿ, ಡಿಪೋ ಮುಚ್ಚಿದ ಮೊದಲ ಚಳಿಗಾಲದಲ್ಲಿ, ಶನಿವಾರ ಎದ್ದ ಹಿಮಗಾಳಿ ರೋಸೆಂತಾಲ್‌ನ ದಾರಿಗಳನ್ನೆಲ್ಲ ಹೂತುಹಾಕಿತು. ಕಾಸ್ಪರ್‌ಗೆ ಮತ್ತೆ ಎದೆನೋವು. ಆಂಬ್ಯುಲೆನ್ಸ್ ಹನ್ನೆರಡು ಮೈಲಿ ಆಚೆ ಹಿಮದಲ್ಲಿ ಸಿಕ್ಕಿಕೊಂಡಿತು. ಅರವತ್ತು ಮೈಲಿಯಿಂದ ಹಿಮದ ಬಂಡಿ ಬರಲು ಹತ್ತೊಂಬತ್ತು ತಾಸು ಹಿಡಿಯಿತು. ಅಷ್ಟರಲ್ಲಿ ಭಾನುವಾರ ಮಧ್ಯಾಹ್ನವಾಗಿತ್ತು, ಕಾಸ್ಪರ್ ಹೋಗಿಬಿಟ್ಟಿದ್ದ. ಪತ್ರಿಕೆಯಲ್ಲಿ ಆರು ಸಾಲು ಬಂದಿತ್ತು. ದಾರಿ ತೆರೆದಿದ್ದರೂ ಉಳಿಯುತ್ತಿದ್ದರೆಂದು ಹೇಳಲಾಗದು ಎಂದು ಡಾಕ್ಟರು ಅಂದದ್ದೂ ಅದರಲ್ಲಿತ್ತು. ಆರ್ವಿಡ್ ಆ ಒಂದು ಸಾಲನ್ನು ಎಷ್ಟು ಸಲ ಓದಿದನೋ. ಅದು ಅವನನ್ನು ಬಿಡುಗಡೆ ಮಾಡುತ್ತಲೂ ಇರಲಿಲ್ಲ, ಪೂರ್ತಿ ಹಿಡಿದು ಶಿಕ್ಷಿಸುತ್ತಲೂ ಇರಲಿಲ್ಲ.

ಮಾರ್ಡೆಲ್‌ಗೆ ಎಲ್ಲ ಗೊತ್ತಿತ್ತು. ಮೂವತ್ತು ವರ್ಷ ಶಾಲೆ ಕಲಿಸಿದವಳು, ಗಂಡನ ಮುಖ ಓದದೆ ಬಿಡುವಳೇ? ಸಾವಿಗೆ ಹೋಗಿ ಬರೋಣ ಎಂದಳು. ಇವನು ದಾರಿ ಸರಿಯಿಲ್ಲ ಎಂದ. ಯಾವ ಬಾಯಲ್ಲಿ ಅಂದನೋ. ಅವಳೇ ಒಂದು ಕಾರ್ಡು ಬರೆದು ಕೆಳಗೆ ಇಬ್ಬರ ಹೆಸರೂ ಹಾಕಿ ಕಳಿಸಿದಳು.

ಆ ಸಭೆಯಲ್ಲಿ ಸುದ್ದಿಗೆ ಬಾಯಿ ಬೇಕಿರಲಿಲ್ಲ. ಎಂಬತ್ತೊಂದರಲ್ಲಿ ಸಭೆ ಮತ್ತೆ ಕೂಡಿದಾಗ ಎಲ್ಲರೂ ಆರ್ವಿಡ್‌ಗೆ ನಮಸ್ಕಾರ ಹೇಳಿದರು, ಚಳಿ ಜೋರು ಎಂದರು, ಮಾರ್ಡೆಲ್‌ಗೆ ಕ್ಯಾನ್ಸರ್ ಎಂದು ಕೇಳಿ ಮರುಗಿದರು. ಆದರೆ ಎದುರು ಪಕ್ಷದ ಒಬ್ಬನೂ ಅವನನ್ನು ಜೋಡಿ ಕೇಳಲಿಲ್ಲ. ಸ್ವಂತ ಪಕ್ಷದವರೂ ಅವನೆದುರು ಜೋಡಿಯ ಮಾತು ಎತ್ತುತ್ತಿರಲಿಲ್ಲ, ಕುಂಟನ ಮುಂದೆ ಕಾಲಿನ ಮಾತು ಎತ್ತದ ಹಾಗೆ. ಕಿಟಕಿಯ ಮೇಜಿನಲ್ಲಿ ಅವನ ಕುರ್ಚಿ ಮಾತ್ರ ಭದ್ರವಾಗಿತ್ತು. ಬಿಟ್ಟು ಬರಲೂ ಧೈರ್ಯವಿರಲಿಲ್ಲ ಅವನಿಗೆ.

ಆ ವರ್ಷ ಥೆಕ್ಲಾ ತಂದ ಮಸೂದೆ ಒಂದೇ: ರೋಸೆಂತಾಲ್‌ನ ಡಿಪೋ ಮತ್ತೆ ತೆರೆಯುವುದು. ಆರ್ವಿಡ್ ರಾಜಧಾನಿಗೆ ಹೊರಟ ಬೆಳಗ್ಗೆ ಮಾರ್ಡೆಲ್ ಹಾಸಿಗೆಯಲ್ಲಿ ದಿಂಬಿಗೊರಗಿ ಕೂತು ಅವನ ಕೈ ಹಿಡಿದುಕೊಂಡಳು.

"ಈ ಸಲ ಅವಳ ಪರ ಒತ್ತು," ಎಂದಳು. "ಹೌಗ್ ಏನಾದ್ರೂ ಅಂದ್ಕೊಳ್ಳಲಿ. ಒತ್ತೋದಕ್ಕೆ ಮುಂಚೆ ಅವಳಿಗೆ ಹೇಳು. ಬಾಯಿಬಿಟ್ಟು ಹೇಳು, ಗೊತ್ತಾಯ್ತಾ? ಬರೀ ತಲೆ ಆಡಿಸಿ ಬರಬೇಡ."

ಆಗಲಿ ಎಂದ. ಮನಸ್ಸಿನಲ್ಲಿ ಅವನೂ ಅದನ್ನೇ ತೀರ್ಮಾನಿಸಿದ್ದ. ಇದೊಂದನ್ನು ಸರಿಮಾಡಿಬಿಟ್ಟರೆ ಆ ಹೆಂಗಸಿನ ಪಕ್ಕದಲ್ಲಿ ತಲೆಯೆತ್ತಿ ಕೂರಬಹುದು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಆದರೆ ಹೇಳುವುದು ಮಾತ್ರ ದಿನ ದಿನ ಮುಂದಕ್ಕೆ ಹೋಯಿತು. ಇವತ್ತು ಅವಳ ಸುತ್ತ ಜನ ಇದ್ದಾರೆ. ಇವತ್ತು ಅವಳ ಮುಖ ಸರಿಯಿಲ್ಲ. ಹೇಳಿದರೆ ಹಳೆಯದನ್ನೂ ಹೇಳಬೇಕಾಗುತ್ತದೆ. ಹೇಳುವುದೇನು, ಆ ದಿನ ಹಸಿರು ದೀಪ ಹೊತ್ತಿದರೆ ಅವಳೇ ನೋಡುತ್ತಾಳಲ್ಲ. ಮಾತು ಬೆಳ್ಳಿ ಮೌನ ಬಂಗಾರ ಎಂದು ಗಾದೆ ಮಾಡಿದವರು ಆರ್ವಿಡ್‌ನಂಥವರನ್ನು ನೋಡಿರಲಿಲ್ಲ.

ಮಸೂದೆ ಶುಕ್ರವಾರಕ್ಕೆ ನಿಗದಿಯಾಯಿತು. ಗುರುವಾರ ಮಧ್ಯಾಹ್ನ ಹೆಗ್‌ಡಾಲ್ ಆಸ್ಪತ್ರೆಯಿಂದ ಫೋನ್ ಬಂತು. ಮಾರ್ಡೆಲ್‌ಗೆ ಜಾಸ್ತಿಯಾಗಿದೆ, ತಕ್ಷಣ ಬರಬೇಕು. ಆರ್ವಿಡ್ ಕಾಗದಪತ್ರ ಕೂಡ ಎತ್ತಿಕೊಳ್ಳದೆ ಎದ್ದ. ಹೌಗ್ ಓಡಿ ಬಂದು ಅಡ್ಡ ನಿಂತ. ನಾಳೆ ಒಂದು ಮತ ಆಚೀಚೆಯಾದರೆ ಡಿಪೋ ಮಸೂದೆ ಗೆದ್ದುಬಿಡುತ್ತೆ, ಬೆಳಗ್ಗೆ ಹತ್ತಕ್ಕೆ ಒತ್ತಿ ಹೊರಡು, ಒಂದು ರಾತ್ರಿಯಲ್ಲಿ ಏನಾಗುತ್ತೆ, ಎಂದು ಪಿಸುಗುಟ್ಟಿದ. ನಿನಗೆ ಈ ಸಭೆಯಲ್ಲಿ ಜೋಡಿ ಯಾರು ಕೊಡ್ತಾರೆ ಎಂದೂ ಸೇರಿಸಿದ. ನಿಜ. ಯಾರು ಕೊಡುತ್ತಾರೆ? ಆರ್ವಿಡ್ ಸುತ್ತ ನೋಡಿದ. ಎದುರು ಸಾಲಿನವರೆಲ್ಲ ಕಾಗದಗಳಲ್ಲಿ ಮುಖ ಹುದುಗಿಸಿದ್ದರು.

ನಡುದಾರಿಯ ಆಚೆಯಿಂದ ಕುರ್ಚಿ ಸರಿದ ಸದ್ದಾಯಿತು. ಥೆಕ್ಲಾ ಎದ್ದು ಬಂದಳು.

"ಹೋಗು ಆರ್ವಿಡ್. ನಿನಗೆ ಜೋಡಿ ನಾನು," ಎಂದಳು. "ನಾಳೆಗೂ, ನಾಡಿದ್ದಿಗೂ. ನೀನು ವಾಪಸ್ ಬರೋವರೆಗೂ."

ಕೈ ಚಾಚಿದಳು. ಹೌಗ್ ತಕ್ಷಣ ಹಗುರಾದ. ಅವನ ಲೆಕ್ಕ ಅವನಿಗೆ ಸಿಕ್ಕಿತ್ತು. ತೊಂಬತ್ತರಲ್ಲಿ ಮತ್ತೆ ನಲವತ್ತೈದು, ನಲವತ್ತೈದು. ಅವಳ ಮಸೂದೆ ಅವಳ ಕೈಯಿಂದಲೇ ಬೀಳುತ್ತದೆ.

ಆರ್ವಿಡ್ ಆ ಕೈಯನ್ನು ನೋಡಿದ. ಬೇಡ, ನಾನು ನಿನ್ನ ಪರ, ನೀನು ಒತ್ತು. ಇಷ್ಟೇ ಹೇಳಬೇಕಾಗಿದ್ದದ್ದು. ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಹೌಗ್ ನಿಂತಿದ್ದ, ಸುತ್ತ ಜನ ಕಿವಿ ಇಟ್ಟು ಕೇಳುತ್ತಿದ್ದರು. ಈಗ ಹೇಳಿದರೆ, ಹೆಂಡತಿ ಸಾಯುವ ಹೊತ್ತಿಗೆ ಪುಣ್ಯ ಕಟ್ಟಿಕೊಳ್ಳಲು ಬಂದ ಅಂದಾರು. ಅವಳೇ ನಂಬದೆ ಹೋದರೆ? ನಿನ್ನ ಮಾತು ಯಾವ ವಾರದ್ದು ಎಂದು ಕೇಳಿಬಿಟ್ಟರೆ? ಅವನು ಅವಳ ಕೈ ಕುಲುಕಿದ. ಥ್ಯಾಂಕ್ಸ್ ಎಂದ. ಕಾರಿನವರೆಗೆ ಓಡಿದ.

ಇನ್ನೂರು ಮೈಲಿಯೂ ತನ್ನನ್ನು ತಾನೇ ಬೈದುಕೊಳ್ಳುತ್ತ ಓಡಿಸಿದ. ಹೋದ ತಕ್ಷಣ ಫೋನ್ ಮಾಡಿ ಹೇಳಿಬಿಡುತ್ತೇನೆ ಎಂದುಕೊಂಡ. ಆಸ್ಪತ್ರೆ ತಲುಪಿದಾಗ ಸಂಜೆ ಆರು. ಮಾರ್ಡೆಲ್‌ಗೆ ಎಚ್ಚರವಿತ್ತು. ಮುಖ ಅಂಗೈಯಷ್ಟಕ್ಕೆ ಇಳಿದಿತ್ತು, ಕಣ್ಣು ಮಾತ್ರ ಹಳೆಯ ಟೀಚರಿನವೇ.

"ಹೇಳಿದ್ಯಾ ಅವಳಿಗೆ?" ಎಂದಳು.

"ಹೇಳಿದೆ," ಎಂದ ಆರ್ವಿಡ್.

ಅಯ್ಯೋ, ಆ ಹೊತ್ತಿನಲ್ಲಿ ಇನ್ನೇನು ಹೇಳಬೇಕಿತ್ತು ಎಂದು ನೀವು ಕೇಳಬಹುದು. ಅವನೂ ತನಗೆ ಹಾಗೇ ಹೇಳಿಕೊಂಡ. ಮಾರ್ಡೆಲ್ ಅವನ ಬೆರಳುಗಳನ್ನು ಒತ್ತಿದಳು, ಅವಳ ಮುಖ ಹಗುರಾಯಿತು, ಕಣ್ಣು ಮುಚ್ಚಿದಳು. ಸುಳ್ಳನ್ನು ನಿಜ ಮಾಡಲು ಇನ್ನೂ ಸಮಯವಿತ್ತು. ಪಡಸಾಲೆಯ ತುದಿಯಲ್ಲಿ ಗೋಡೆಗೆ ತೂಗುಹಾಕಿದ ಫೋನ್ ಇತ್ತು. ಆರ್ವಿಡ್ ಹೋಗಿ ಅದರ ಮುಂದೆ ನಿಂತ. ಥೆಕ್ಲಾ ಇಳಿದುಕೊಂಡಿದ್ದ ಮನೆಯ ನಂಬರು ಅವನಿಗೆ ಬಾಯಿಪಾಠವಾಗಿತ್ತು. ಫೋನ್ ಎತ್ತಿದ, ಊಟದ ಹೊತ್ತು, ತೊಂದರೆ ಕೊಡಬಾರದು ಎಂದುಕೊಂಡು ಇಟ್ಟ. ಬೆಳಗ್ಗೆ ಎಂಟಕ್ಕೆ ಮಾಡಿದರಾಯಿತು. ಬೆಳಗ್ಗೆ ಎಂಟಕ್ಕೆ ಮಾರ್ಡೆಲ್‌ಳ ಉಸಿರು ಕೆಟ್ಟಿತು. ಅವಳ ಕೈ ಬಿಟ್ಟು ಏಳುವಂತಿರಲಿಲ್ಲ. ಹತ್ತೂವರೆಗೆ ಎಲ್ಲ ಮುಗಿಯಿತು.

ಮಧ್ಯಾಹ್ನ ನರ್ಸುಗಳ ಕೋಣೆಯ ರೇಡಿಯೋ ಗೋಧಿಯ ಧಾರಣೆ ಹೇಳಿ, ಆಮೇಲೆ ರಾಜಧಾನಿಯ ಸುದ್ದಿ ಹೇಳಿತು. ರೋಸೆಂತಾಲ್ ಡಿಪೋ ಮಸೂದೆ ನಲವತ್ತೈದು ನಲವತ್ತೈದರ ಸಮಬಲದಲ್ಲಿ ಬಿದ್ದಿದೆ. ಆರ್ವಿಡ್ ಹೆಂಡತಿಯ ಬಟ್ಟೆಗಳ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಬ್ಬ ನರ್ಸ್ ಬಂದು ಅವನ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಮಾರ್ಡೆಲ್‌ಗಾಗಿ ಕುಸಿದ ಎಂದುಕೊಂಡಳು ಅವಳು. ಸ್ವಂತ ದುಃಖದಲ್ಲೂ ಸುಳ್ಳುಗಾರನಾದೆನಲ್ಲ ಎಂದು ಅವನಿಗೆ ಅನ್ನಿಸಿತು.

ಸೋಮವಾರ ಸಮಾಧಿಯಾಯಿತು. ರಾಜಧಾನಿಯಿಂದ ಇಬ್ಬರು ಬಂದಿದ್ದರು, ಮುದುಕ ಸೆಲ್ಮರ್ ಮತ್ತು ಥೆಕ್ಲಾ. ಚರ್ಚಿನ ಕೆಳಗಿನ ಹಾಲ್‌ನಲ್ಲಿ ಹೆಂಗಸರು ಹ್ಯಾಮ್ ಬನ್ನು, ಆಲೂಗಡ್ಡೆ ಪಲ್ಯ, ನೀರು ಕಾಫಿ ಹಂಚುತ್ತಿದ್ದರು. ಶುಕ್ರವಾರ ಸಭೆಯಲ್ಲಿ ಏನಾಯಿತೆಂದು ಸೆಲ್ಮರ್ ಆರ್ವಿಡ್‌ನ ಪಕ್ಕ ಕೂತು ಹೇಳಿದ. ಥೆಕ್ಲಾಳನ್ನು ಅವಳ ಪಕ್ಷದವರೆಲ್ಲ ಸುತ್ತುವರಿದು ಬೇಡಿಕೊಂಡರಂತೆ, ಆ ತಾಂಗೆನ್ ನಿನಗೆ ಏನು ಮಾಡಿದ ಮರೆತೆಯಾ, ಒತ್ತು, ಯಾರೂ ಏನೂ ಅನ್ನಲ್ಲ ಎಂದು. ಅವಳು ಎದ್ದು ನಿಂತು, ನನಗೆ ಶ್ರೀ ತಾಂಗೆನ್‌ರೊಡನೆ ಜೋಡಿ ಇದೆ, ಅವರು ಇದ್ದಿದ್ದರೆ ಮಸೂದೆಯ ವಿರುದ್ಧ ಒತ್ತುತ್ತಿದ್ದರು, ನಾನು ಪರ ಒತ್ತುತ್ತಿದ್ದೆ, ಆದ್ದರಿಂದ ನಾನು ಮತ ಹಾಕುವುದಿಲ್ಲ ಎಂದಳಂತೆ. ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳಂತೆ. ಐವತ್ತು ವರ್ಷದಲ್ಲಿ ಅಂಥದ್ದು ನೋಡಿಲ್ಲ ಮಾರಾಯ ಎಂದು ಸೆಲ್ಮರ್ ಮೂಗು ಒರೆಸಿಕೊಂಡ.

ಥೆಕ್ಲಾ ಅಡುಗೆಕೋಣೆಯಲ್ಲಿ, ಯಾರೂ ಕೇಳದಿದ್ದರೂ, ಅಂಗಿಯ ತೋಳು ಮಡಚಿ ತಟ್ಟೆ ತೊಳೆಯುತ್ತಿದ್ದಳು. ಆರ್ವಿಡ್ ಎದ್ದು ಹೋಗಿ ಅವಳ ಹಿಂದೆ ನಿಂತ. ಅಲ್ಲಿ ಇನ್ನೂ ಮೂವರು ಹೆಂಗಸರಿದ್ದರು. ಈ ಸಲ ಅವನು ಅವರು ಹೋಗಲಿ ಎಂದು ಕಾಯಲಿಲ್ಲ.

"ಥೆಕ್ಲಾ, ನಾನು ನಿನ್ನ ಪರ ಒತ್ತಬೇಕು ಅಂತಿದ್ದೆ," ಎಂದ. "ಜನವರಿಯಿಂದಾನೇ. ನೀನು ಕೈ ಚಾಚಿದಾಗ ಬೇಡ ಅನ್ನಬೇಕಾಗಿತ್ತು. ಅಂದಿದ್ರೆ ನೀನು ಒತ್ತಬಹುದಾಗಿತ್ತು. ಮಸೂದೆ ಗೆಲ್ತಿತ್ತು. ನಾನು ಹೇಳಲಿಲ್ಲ."

ತಟ್ಟೆ ಒರೆಸುತ್ತಿದ್ದ ಹೆಂಗಸರ ಕೈ ನಿಂತಿತು. ಥೆಕ್ಲಾ ತಿರುಗಲಿಲ್ಲ. ತೊಳೆಯುತ್ತಿದ್ದ ತಟ್ಟೆಯನ್ನು ಪೂರ್ತಿ ತೊಳೆದು ಪಕ್ಕಕ್ಕಿಟ್ಟಳು.

"ಯಾಕೆ ಹೇಳಲಿಲ್ಲ?"

"ನಾಚಿಕೆ ಆಯ್ತು."

ಈಗ ತಿರುಗಿ ನೋಡಿದಳು. ಇಷ್ಟು ವರ್ಷದಲ್ಲಿ ಅವಳ ಕಣ್ಣಲ್ಲಿ ನೀರು ನೋಡಿದವನಲ್ಲ ಅವನು.

"ಆವತ್ತಿನ ಬುಧವಾರದ್ದನ್ನ ನಾನು ಎಂದೋ ಬಿಟ್ಟುಬಿಟ್ಟೆ ಆರ್ವಿಡ್," ಎಂದಳು. "ಹೌಗ್ ಆಟ ಕಟ್ಟಿದ, ನೀನು ಬಿದ್ದೆ, ಮನುಷ್ಯರು ಬೀಳ್ತಾರೆ. ಕಾಸ್ಪರ್ ಹೋದಾಗಲೂ ನಿನ್ನ ಮೇಲೆ ಹಾಕಲಿಲ್ಲ. ಆದ್ರೆ ಇದು... ಇದಕ್ಕೆ ನಂಗೆ ಸ್ವಲ್ಪ ಕಾಲ ಬೇಕು."

ಕೈ ಒರೆಸಿಕೊಂಡು, ಊರಿಗೆ ಹೊರಡಲು ಕೋಟು ತೊಟ್ಟಳು. ಊಟದ ಹೊತ್ತಿಗೇ ಹಿಮ ಶುರುವಾಗಿತ್ತು, ಈಗ ಗಾಳಿಯೂ ಸೇರಿತ್ತು. ಹೆಗ್‌ಡಾಲ್‌ನ ಬೀದಿಗಳಲ್ಲಿ ಬಂಡಿಗಳು ಹಳದಿ ದೀಪ ತಿರುಗಿಸುತ್ತ ಆಗಲೇ ಓಡಾಡುತ್ತಿದ್ದವು. ಪಾದ್ರಿ ಹೆದ್ದಾರಿಯ ಕಚೇರಿಗೆ ಫೋನ್ ಮಾಡಿ ವಿಚಾರಿಸಿದರು. ದಕ್ಷಿಣಕ್ಕೆ ಅರ್ಧ ದಾರಿಯವರೆಗೆ ತೊಂದರೆಯಿಲ್ಲ, ರೋಸೆಂತಾಲ್ ಕಡೆಗೆ ಮಾತ್ರ ಬುಧವಾರಕ್ಕೆ ಮುಂಚೆ ಹಿಮದ ಬಂಡಿ ಬರುವುದಿಲ್ಲ ಎಂದು ಉತ್ತರ ಬಂತು. ಥೆಕ್ಲಾ ಕೋಟು ಬಿಚ್ಚಿದಳು. ಮನೆಗೆ ಫೋನ್ ಮಾಡಿ, ದಾರಿ ಮುಚ್ಚಿದೆ ಮಗಳೇ, ಹಸುಗಳನ್ನ ನೋಡಿಕೋ, ಎಂದು ಹೇಳುವಾಗ ಆರ್ವಿಡ್ ಬಾಗಿಲಲ್ಲೇ ನಿಂತು ಕೇಳುತ್ತಿದ್ದ. ಅವಳು ಅವನ ಕಡೆ ನೋಡಲಿಲ್ಲ. ಎರಡು ದಿನ ಪಾದ್ರಿಯ ಮನೆಯಲ್ಲೇ ಉಳಿದಳು.